ಜಿಂಕೆಯ ಫೋಟೋ ಎಷ್ಟು ಹಳೆಯದು?

ಕತ್ತಲಲ್ಲಿ ಒಂದು ದೋಣಿ. ಮುಂದೆ ದೀಪ, ಹಿಂದೆ ಒಬ್ಬ ಸದ್ದಾಗದ ಹಾಗೆ ಹುಟ್ಟು ಹಾಕುತ್ತಿದ್ದಾನೆ. ದಡಕ್ಕೆ ಬಂದಿದ್ದ ಜಿಂಕೆ ತಲೆಯೆತ್ತಿ ಬೆಳಕನ್ನೇ ನೋಡುತ್ತಾ ನಿಂತುಬಿಡುತ್ತದೆ. ಅದರ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಪದರ ಇರುವುದರಿಂದ ಕತ್ತಲಲ್ಲಿ ಎರಡು ಚುಕ್ಕಿ ಫಳಫಳ ಹೊಳೆಯುತ್ತವೆ. ಆ ಎರಡು ಚುಕ್ಕಿಗಳ ನಡುವೆ ಗುರಿಯಿಟ್ಟರೆ ಮುಗಿಯಿತು. ಅಮೆರಿಕದಲ್ಲಿ ಈ ಬೇಟೆಗೆ ಜ್ಯಾಕ್‌ಲೈಟಿಂಗ್ ಎನ್ನುತ್ತಾರೆ.

ಮಿಷಿಗನ್ ರಾಜ್ಯದ ವೈಟ್‌ಫಿಶ್ ಸರೋವರದಲ್ಲಿ ಇದೇ ವಿದ್ಯೆಯನ್ನು ಜಾರ್ಜ್ ಶೈರಾಸ್ ಎಂಬ ವಕೀಲರು ಬೇರೆ ಕೆಲಸಕ್ಕೆ ಬಳಸಿದರು. 1890ರ ದಶಕದಲ್ಲಿ ದೋಣಿಯಲ್ಲಿ ಬಂದೂಕಿನ ಬದಲು ಕ್ಯಾಮೆರಾ ಇಟ್ಟರು. ಮೆಗ್ನೀಸಿಯಂ ಪುಡಿ ಹೊತ್ತಿಸಿ ಬೆಳಕು ಮಾಡಿದರು. ಆಮೇಲೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರಾಣಿಗಳು ಓಡಾಡುವ ಜಾಡಿಗೆ ಅಡ್ಡವಾಗಿ ದಾರ ಕಟ್ಟಿದರು. ಜಿಂಕೆಯ ಕಾಲು ದಾರಕ್ಕೆ ತಾಗಿತೋ, ಅದರ ಫೋಟೋ ಅದೇ ತೆಗೆದುಕೊಂಡ ಹಾಗೆ! 1906ರ ಜುಲೈನಲ್ಲಿ ನ್ಯಾಷನಲ್ ಜಿಯೋಗ್ರಾಫಿಕ್ ಅವರ 74 ಫೋಟೋಗಳನ್ನು ಅಚ್ಚು ಹಾಕಿತು. ಇವತ್ತು ಕಾಡಿನಲ್ಲಿ ಮರಕ್ಕೆ ಕಟ್ಟುವ ಕ್ಯಾಮೆರಾ ಟ್ರ್ಯಾಪ್‌ಗೆ ಅದೇ ಅಜ್ಜ.

ತಮಾಷೆ ಏನಂದ್ರೆ, ದೀಪ ತೋರಿಸಿ ಜಿಂಕೆ ಹೊಡೆಯುವುದು ಈಗ ಅಮೆರಿಕದಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆ ಅಪರಾಧ. ಅದರಿಂದ ಹುಟ್ಟಿದ ಕ್ಯಾಮೆರಾ ಮಾತ್ರ ನೂರು ವರ್ಷ ಸಾಧು ಅನ್ನಿಸಿಕೊಂಡಿತ್ತು. ಈಗ ಅದೂ ಕಟಕಟೆಗೆ ಬಂದು ನಿಂತಿದೆ. ಬೇಟೆಗೆ ಇಂಥ ಕ್ಯಾಮೆರಾ ಬಳಸುವುದು ನ್ಯಾಯವೇ ಅನ್ನುವುದು ಅಲ್ಲಿನ ಚರ್ಚೆ.

ಈ ಕ್ಯಾಮೆರಾ ಕೆಲಸ ಮಾಡುವ ರೀತಿ ಸರಳ. ಅದರ ಮುಂದೆ ಸಣ್ಣ ಪ್ಲಾಸ್ಟಿಕ್ ಮಸೂರ ಇರುತ್ತದೆ, ಅದರ ಹಿಂದೆ ಎರಡು ಭಾಗವಾಗಿರುವ ಸೆನ್ಸರ್. ಎರಡೂ ಭಾಗಕ್ಕೆ ಒಂದೇ ಥರ ಶಾಖ ಬೀಳುತ್ತಿದ್ದರೆ ಅದು ತೆಪ್ಪಗಿರುತ್ತದೆ. ಬೆಚ್ಚಗಿನ ಮೈಯೊಂದು ಅಡ್ಡ ಹಾಯ್ದಾಗ ಮೊದಲು ಒಂದು ಭಾಗಕ್ಕೆ, ಆಮೇಲೆ ಇನ್ನೊಂದಕ್ಕೆ ಶಾಖ ತಾಗುತ್ತದೆ. ಆ ವ್ಯತ್ಯಾಸಕ್ಕೆ ಕ್ಯಾಮೆರಾ ಎಚ್ಚರವಾಗುತ್ತದೆ. ಸುಡುಬಿಸಿಲಿನ ಮಧ್ಯಾಹ್ನ ನೆಲವೂ ಜಿಂಕೆಯಷ್ಟೇ ಬಿಸಿಯಾಗಿದ್ದರೆ, ಎದುರಿಗೇ ಹೋದ ಜಿಂಕೆ ತಪ್ಪಿಹೋಗಬಹುದು. ಬಿಸಿಲಲ್ಲಿ ಕಾದ ಕೊಂಬೆ ಗಾಳಿಗೆ ಆಡುತ್ತಿದ್ದರೆ ಬರೀ ಎಲೆಗಳದ್ದೇ ನೂರಾರು ಫೋಟೋ.

ರಾತ್ರಿಗೆ ಇನ್‌ಫ್ರಾರೆಡ್ ಬೆಳಕು. ಕೆಲವು ಕ್ಯಾಮೆರಾಗಳಲ್ಲಿ ಅದರ ಅಲೆಯುದ್ದ 850 ನ್ಯಾನೊಮೀಟರ್, ನೋಡಿದರೆ ಮಂಕಾದ ಕೆಂಪು ಚುಕ್ಕಿ ಕಾಣುತ್ತದೆ. 940 ನ್ಯಾನೊಮೀಟರ್‌ನದ್ದಾದರೆ ನಮಗೆ ಏನೂ ಕಾಣುವುದಿಲ್ಲ. ಜಿಂಕೆಯ ಕಣ್ಣಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆ. ನೀಲಿ ಚೆನ್ನಾಗಿ ಕಾಣುತ್ತದೆ, ಕೆಂಪು ಅಷ್ಟಕ್ಕಷ್ಟೆ. ಅದಕ್ಕೇ ಬೇಟೆಗಾರರು ಕಣ್ಣಿಗೆ ರಾಚುವ ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡು ಕೂತರೂ ಜಿಂಕೆ ಗಾಬರಿಯಾಗುವುದಿಲ್ಲ. ಕ್ಯಾಮೆರಾದ ಸಣ್ಣ ಕ್ಲಿಕ್ ಸದ್ದಿಗೆ ಅದು ಕಿವಿ ನಿಮಿರಿಸುವುದುಂಟು, ಅದು ಬೇರೆ ಮಾತು.

ಮೊದಲೆಲ್ಲ ಫೋಟೋ ನೋಡಬೇಕಿದ್ದರೆ ಕಾಡಿಗೆ ನಡೆದುಹೋಗಿ ಮೆಮೊರಿ ಕಾರ್ಡ್ ತರಬೇಕಿತ್ತು. ಆ ಹೊತ್ತಿಗೆ ಫೋಟೋ ಹದಿನೈದು ದಿನ ಹಳೆಯದು. ಹೆಜ್ಜೆ ಗುರುತು, ಹಿಕ್ಕೆ, ಕೊಂಬು ತಿಕ್ಕಿದ ಮರ ನೋಡಿ ತಿಳಿಯುತ್ತಿದ್ದಕ್ಕಿಂತ ಹೆಚ್ಚೇನೂ ಅದು ಹೇಳುತ್ತಿರಲಿಲ್ಲ. ಈ ಹಾದಿಯಲ್ಲಿ ದೊಡ್ಡ ಕೊಂಬಿನ ಗಂಡೊಂದು ಓಡಾಡುತ್ತದೆ, ಸಾಮಾನ್ಯವಾಗಿ ನಸುಕಿನಲ್ಲಿ, ಇಷ್ಟೇ. ಉಳಿದದ್ದು ಬೇಟೆಗಾರನ ತಾಳ್ಮೆ, ಗಾಳಿಯ ದಿಕ್ಕು, ಅದೃಷ್ಟ.

ಕ್ಯಾಮೆರಾದೊಳಗೆ ಸಿಮ್ ಕಾರ್ಡ್ ಹೊಕ್ಕಿದ ಮೇಲೆ ಲೆಕ್ಕವೇ ಬದಲಾಯಿತು. ಜಿಂಕೆ ನೀರಿಗೆ ಬಾಯಿ ಹಾಕುವಷ್ಟರಲ್ಲಿ ಫೋನಿನಲ್ಲಿ ಅದರ ಚಿತ್ರ. ಗುಡ್ಡದ ಆ ಕಡೆ ಜೀಪಿನಲ್ಲಿ ಕೂತವನು ಬಂದೂಕು ಎತ್ತಿಕೊಂಡು ಹೊರಟರೆ ಸಾಕು. ನನಗೆ ಇಡೀ ಚರ್ಚೆಯ ಗುಟ್ಟು ಇಲ್ಲೇ ಇದೆ ಅನಿಸುತ್ತದೆ. ಯಾವ ಯಂತ್ರ ಬಳಸಿದೆ ಅನ್ನುವುದಕ್ಕಿಂತ, ಅದು ಕೊಟ್ಟ ಸುದ್ದಿ ಎಷ್ಟು ತಾಜಾ ಅನ್ನುವುದೇ ಮುಖ್ಯ.

ಹೊಸ ಯೋಚನೆ ಏನಲ್ಲ ಇದು. ಅಲಾಸ್ಕದಲ್ಲಿ ಓಡಾಟಕ್ಕೆ ಸಣ್ಣ ವಿಮಾನಗಳೇ ಗತಿ. ಮೇಲಿಂದ ಪ್ರಾಣಿ ನೋಡಿ, ಪಕ್ಕದಲ್ಲೇ ಇಳಿದು, ಹೊಡೆದು ಹೋಗುವುದು ಸುಲಭ. ಅದಕ್ಕೆ ಅಲ್ಲೊಂದು ಚಂದದ ನಿಯಮ ಮಾಡಿದ್ದಾರೆ. ಖಾಸಗಿ ವಿಮಾನದಲ್ಲಿ ಹಾರಾಡಿದ ದಿನ ಬಹುತೇಕ ದೊಡ್ಡ ಪ್ರಾಣಿಗಳ ಬೇಟೆ ಆಡುವ ಹಾಗಿಲ್ಲ. ಮಾರನೇ ದಿನ ಬೆಳಗಿನ ಜಾವ 3 ಗಂಟೆಯವರೆಗೆ ಕಾಯಬೇಕು. ವಿಮಾನಕ್ಕೆ ಅಡ್ಡಿಯಿಲ್ಲ, ನೋಡಿದ್ದಕ್ಕೂ ಅಡ್ಡಿಯಿಲ್ಲ. ಕಣ್ಣಿಗೂ ಬಂದೂಕಿಗೂ ನಡುವೆ ಒಂದು ರಾತ್ರಿಯ ನಿದ್ದೆ ಇರಲಿ ಅಂತ ಅಷ್ಟೆ. ಅಷ್ಟರಲ್ಲಿ ಪ್ರಾಣಿ ಎಲ್ಲಿಗೋ ಹೋಗಿರುತ್ತದೆ. ಇನ್ನು ವಿಮಾನದಿಂದಲೇ ಗುಂಡು ಹೊಡೆಯುವುದನ್ನೂ ಪ್ರಾಣಿಗಳನ್ನು ಅಟ್ಟಾಡಿಸುವುದನ್ನೂ ಇಡೀ ಅಮೆರಿಕದಲ್ಲಿ 1971ರ ಕಾನೂನು ತಡೆಯುತ್ತದೆ.

ಬೇಟೆಗಾರರ ಒಳಗೇ ಇದಕ್ಕೊಂದು ಮಾತಿದೆ, ಫೇರ್ ಚೇಸ್. ಪ್ರಾಣಿಗೂ ತಪ್ಪಿಸಿಕೊಳ್ಳಲು ನಿಜವಾದ ಅವಕಾಶ ಇರಬೇಕು ಅಂತ. ಇದನ್ನು ಹಿಡಿದುಕೊಂಡು ಬಂದ ಬೂನ್ ಆಂಡ್ ಕ್ರಾಕೆಟ್ ಕ್ಲಬ್ಬನ್ನು 1887ರಲ್ಲಿ ಕಟ್ಟಿದ್ದು ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೋಡೋರ್ ರೂಸ್‌ವೆಲ್ಟ್ ಮತ್ತು ಗೆಳೆಯರು. ದೊಡ್ಡ ಕೊಂಬುಗಳ ದಾಖಲೆ ಪುಸ್ತಕ ಇಡುವುದೂ ಇವರೇ. ಆ ಕ್ಷಣದ ಫೋಟೋ ನೋಡಿ ಹಿಂದೆ ಬಿದ್ದು ಹೊಡೆದ ಪ್ರಾಣಿಗೆ ಆ ಪುಸ್ತಕದಲ್ಲಿ ಜಾಗವಿಲ್ಲ. ಕೊಲ್ಲಲು ಹೊರಟ ಮೇಲೆ ನ್ಯಾಯ ಎಂಥದ್ದು ಅಂತ ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಬೇಟೆ ಕಾನೂನುಬದ್ಧವಾಗಿರುವ ಕಡೆ, ಆಡುವವರೇ ತಮಗೆ ಹಾಕಿಕೊಂಡ ಕಡಿವಾಣವನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. 1900ರ ಸುಮಾರಿಗೆ ಅಲ್ಲಿ ಬಿಳಿಬಾಲದ ಜಿಂಕೆಗಳು ಬಹುತೇಕ ಮುಗಿದೇ ಹೋಗುವ ಸ್ಥಿತಿಯಲ್ಲಿದ್ದವು. ಈಗ ಕೋಟಿಗಟ್ಟಲೆ ಇವೆ. ಮಾರಾಟಕ್ಕಾಗಿ ಕೊಲ್ಲುವುದನ್ನು ನಿಲ್ಲಿಸಿದ್ದು, ಬೇಟೆಗೆ ಕಾಲ, ಸಂಖ್ಯೆ, ವಿಧಾನ ಅಂತ ಮಿತಿ ಹಾಕಿದ್ದು ಅದಕ್ಕೆ ದೊಡ್ಡ ಕಾರಣ.

ಕ್ಯಾಮೆರಾ ಮೇಲೆ ಜೋರಾಗಿ ಕತ್ತಿ ಬೀಸಿದ್ದು ಒಣ ರಾಜ್ಯಗಳು. ಅರಿಜೋನ 2022ರ ಜನವರಿ 1ರಿಂದ ಬೇಟೆಗಾಗಿ ಇಂಥ ಕ್ಯಾಮೆರಾ ಬಳಸುವುದನ್ನೇ ನಿಲ್ಲಿಸಿತು. ಉಟಾ ಅದೇ ವರ್ಷ ಜುಲೈ 31ರಿಂದ ಡಿಸೆಂಬರ್ 31ರವರೆಗೆ ತಡೆ ಹಾಕಿತು. ನೆವಾಡದಲ್ಲಿ ಸಾರ್ವಜನಿಕ ಭೂಮಿಯಲ್ಲಿ ಆಗಸ್ಟ್‌ನಿಂದ ವರ್ಷದ ಕೊನೆಯವರೆಗೆ ಇಡುವ ಹಾಗಿಲ್ಲ. ಫೋಟೋ ಕಳಿಸುವ ಕ್ಯಾಮೆರಾ ಆದರೆ ಜುಲೈನಿಂದಲೇ ನಿಷೇಧ. ಹಳೇ ಫೋಟೋಗೂ ಹೊಸ ಫೋಟೋಗೂ ಇರುವ ವ್ಯತ್ಯಾಸ ಆ ಒಂದು ತಿಂಗಳಲ್ಲಿ ಕಾಣುತ್ತದೆ.

ಒಣ ರಾಜ್ಯಗಳೇ ಯಾಕೆ? ಅಲ್ಲಿನ ಮರುಭೂಮಿಯಲ್ಲಿ ಮೈಲುಗಟ್ಟಲೆಗೆ ಒಂದೇ ನೀರಿನ ಗುಂಡಿ. ಬೇಸಿಗೆಯಲ್ಲಿ ಜಿಂಕೆ ಅಲ್ಲಿಗೆ ಬರಲೇಬೇಕು, ಬೇರೆ ದಾರಿಯಿಲ್ಲ. ಅಂಥ ಗುಂಡಿಯ ಸುತ್ತ ಒಂದರ ಪಕ್ಕ ಒಂದು ಕ್ಯಾಮೆರಾ ಕಟ್ಟಿ, ಕಾರ್ಡ್ ತೆಗೆಯಲು ಮತ್ತೆ ಮತ್ತೆ ಜನ ಬಂದರೆ, ಬಾಯಾರಿದ ಪ್ರಾಣಿ ಹತ್ತಿರ ಬರಲು ಹೆದರುತ್ತದೆ. ಜೊತೆಗೆ ನೆವಾಡದ ಶೇ. 80ರಷ್ಟು ಭೂಮಿ ಕೇಂದ್ರ ಸರ್ಕಾರದ್ದು, ಅಂದ್ರೆ ಎಲ್ಲರದ್ದು. ಒಬ್ಬ ನೂರು ಕ್ಯಾಮೆರಾ ಕಟ್ಟಿದರೆ ಇನ್ನೊಬ್ಬನಿಗೆ ಉರಿಯದೇ ಇರುತ್ತದಾ? ಟೆಕ್ಸಸ್‌ನಲ್ಲಿ ಶೇ. 90ಕ್ಕೂ ಜಾಸ್ತಿ ಭೂಮಿ ಖಾಸಗಿ. ಅಲ್ಲಿ ಈ ಜಗಳವೇ ಅಷ್ಟಾಗಿ ಇಲ್ಲ.

ಪೂರ್ವದ ದಟ್ಟ ಕಾಡುಗಳಲ್ಲಿ ನೀರು ಎಲ್ಲೆಲ್ಲೂ ಇದೆ, ಜಿಂಕೆಯೂ ಜಾಸ್ತಿ. ಅಲ್ಲಿ ಫೋಟೋಗಳಲ್ಲಿ ಬಹಳಷ್ಟು ರಾತ್ರಿಯವು, ಆಗ ಗುಂಡು ಹೊಡೆಯುವುದೇ ಅಪರಾಧ. ರಾತ್ರಿ 2 ಗಂಟೆಯ ಜಿಂಕೆ ಬೆಳಗಾಗುವಷ್ಟರಲ್ಲಿ ಎಲ್ಲೋ ಪೊದೆಯಲ್ಲಿ ಮಲಗಿರುತ್ತದೆ. ಹಾಗಾಗಿ ಒಂದೇ ನಿಯಮವನ್ನು ಇಡೀ ದೇಶಕ್ಕೆ ಹಾಕಬೇಕು ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಥರ್ಮಲ್ ಡ್ರೋನ್, ಅಂದ್ರೆ ಶಾಖವನ್ನು ನೋಡುವ ಕ್ಯಾಮೆರಾ ಹೊತ್ತು ಹಾರುವ ಡ್ರೋನ್, ಅದರ ಕಥೆ ಇನ್ನೂ ತೊಡಕಿನದು. ಬೆಚ್ಚಗಿನ ಮೈ ಸುಮಾರು 10 ಮೈಕ್ರಾನ್ ಅಲೆಯುದ್ದದ ಕಿರಣ ಸೂಸುತ್ತದೆ. ಮಾಮೂಲಿ ಗಾಜು ಅದನ್ನು ಒಳಗೆ ಬಿಡುವುದಿಲ್ಲ, ಅದಕ್ಕೇ ಈ ಕ್ಯಾಮೆರಾದ ಮಸೂರವನ್ನು ಸಾಮಾನ್ಯವಾಗಿ ಜರ್ಮೇನಿಯಂನಿಂದ ಮಾಡುತ್ತಾರೆ. ಎಲೆಯೂ ಅಷ್ಟೆ, ಶಾಖವನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಡ್ರೋನ್ ಕಣ್ಣು ಚುರುಕಾಗುವುದು ಎಲೆ ಉದುರಿದ ಮೇಲೆ, ನೆಲ ತಣ್ಣಗಿದ್ದಾಗ. ಚಳಿಗಾಲದ ಜಿಂಕೆಯ ತುಪ್ಪಳ ಎಷ್ಟು ದಪ್ಪ ಅಂದ್ರೆ ಬೆನ್ನ ಮೇಲೆ ಬಿದ್ದ ಹಿಮ ಕರಗದೇ ಹಾಗೇ ಕೂತಿರುತ್ತದೆ. ಆದರೂ ಮುಖ, ಕಾಲು, ಹೊಟ್ಟೆಯ ಅಡಿ ಪರದೆಯಲ್ಲಿ ಬೆಳ್ಳಗೆ ಕಾಣುತ್ತವೆ.

ಜರ್ಮನಿಯಲ್ಲಿ ಇದೇ ಡ್ರೋನ್ ಜಿಂಕೆ ಉಳಿಸುತ್ತದೆ. ಅಲ್ಲಿನ ಸಣ್ಣ ಜಿಂಕೆ ರೋ, ಮೇ-ಜೂನ್ ಹೊತ್ತಿಗೆ ಹುಲ್ಲುಗಾವಲಿನಲ್ಲಿ ಮರಿ ಹಾಕುತ್ತದೆ. ಅಪಾಯ ಬಂದರೆ ಮರಿ ಓಡುವುದಿಲ್ಲ, ನೆಲಕ್ಕೆ ಅಂಟಿಕೊಂಡು ಅಲ್ಲಾಡದೇ ಮಲಗುತ್ತದೆ. ನರಿಯ ಮುಂದೆ ಒಳ್ಳೇ ಉಪಾಯ, ಹುಲ್ಲು ಕೊಯ್ಯುವ ಯಂತ್ರದ ಮುಂದೆ ಸಾವು. ಅದಕ್ಕೆ ನಸುಕಿನಲ್ಲೇ, ಬಿಸಿಲೇರಿ ನೆಲ ಕಾಯುವ ಮೊದಲು, ಡ್ರೋನ್ ಹಾರಿಸಿ ಮರಿ ಹುಡುಕುತ್ತಾರೆ. ಮನುಷ್ಯರ ವಾಸನೆ ತಾಗದಿರಲಿ ಅಂತ ಹುಲ್ಲಿನ ಹಿಡಿಯ ಸಮೇತ ಎತ್ತಿ ಹೊಲದ ಅಂಚಿಗೆ ಇಡುತ್ತಾರೆ. ಈ ಕೆಲಸದಲ್ಲಿ ಅಲ್ಲಿನ ಬೇಟೆಗಾರರೂ ಮುಂದೆ ಇರುತ್ತಾರೆ.

ಅಮೆರಿಕದಲ್ಲಿ ಡ್ರೋನ್ ಇಟ್ಟುಕೊಂಡು ಜೀವಂತ ಜಿಂಕೆ ಹುಡುಕಿ ಹೊಡೆಯುವುದನ್ನು ಎಷ್ಟೋ ರಾಜ್ಯಗಳು ತಡೆದಿವೆ. ಅದರಲ್ಲಿ ಜಾಸ್ತಿ ತಕರಾರಿಲ್ಲ. ತಕರಾರು ಇರುವುದು ಗಾಯಗೊಂಡ ಜಿಂಕೆಯ ವಿಷಯಕ್ಕೆ. ಬಾಣ ತಾಗಿದ ಜಿಂಕೆ ಎಷ್ಟೋ ದೂರ ಓಡಿ ಪೊದೆಯಲ್ಲಿ ಬೀಳುತ್ತದೆ. ರಕ್ತದ ಜಾಡು ಮಳೆಗೆ ತೊಳೆದುಹೋದರೆ ಅದು ಸಿಗುವುದೇ ಇಲ್ಲ, ಮಾಂಸ ಕೊಳೆಯುತ್ತದೆ, ಬೇಟೆಗಾರ ಇನ್ನೊಂದನ್ನು ಹೊಡೆಯಲು ಹೊರಡುತ್ತಾನೆ. ಡ್ರೋನ್ ಇದ್ದರೆ ಬೇಗ ಸಿಗುತ್ತದೆ, ಅಲ್ವಾ? ಆದರೆ ಮಿಷಿಗನ್‌ನಲ್ಲಿ ಅದಕ್ಕೂ ಅನುಮತಿಯಿಲ್ಲ. ಇಂಥ ಸೇವೆ ಕೊಡುವವರು ಕೋರ್ಟಿಗೆ ಹೋದರು. ಸತ್ತ ಜಿಂಕೆ ಎಲ್ಲಿದೆ ಅಂತ ಹೇಳುವುದು ಒಂದು ಮಾಹಿತಿ, ಮಾಹಿತಿ ಹೇಳುವುದು ವಾಕ್ ಸ್ವಾತಂತ್ರ್ಯ ಅಂತ ವಾದಿಸಿದರು. ಜಾಣತನದ ವಾದವೇ, ಆದರೆ 2025ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಒಪ್ಪಲಿಲ್ಲ.

ಮೊದಲು ಓದಿದಾಗ ಈ ಕಾನೂನು ನನಗೆ ಕಟುಕತನ ಅನ್ನಿಸಿತ್ತು. ಆಮೇಲೆ ಆ ಪರದೆಯನ್ನು ಸ್ವಲ್ಪ ಊಹಿಸಿಕೊಂಡೆ. ತಣ್ಣನೆಯ ಸಂಜೆ, ಬೂದು ಬಣ್ಣದ ಕಾಡು. ಒಂದು ಮೂಲೆಯಲ್ಲಿ ನಿಧಾನಕ್ಕೆ ಮಂಕಾಗುತ್ತಿರುವ ಬಿಳಿ ಚುಕ್ಕಿ, ಅದೇ ಬಿದ್ದ ಜಿಂಕೆ. ಅದರಿಂದ ಮುಂದೆ, ಹಳ್ಳದ ಆಚೆ, ಗಟ್ಟಿಯಾಗಿ ಹೊಳೆಯುವ ಇನ್ನೂ ಆರು ಚುಕ್ಕಿ. ಮೇಯುತ್ತಿವೆ. ಡ್ರೋನ್ ನಡೆಸುವವನ ಪಕ್ಕದಲ್ಲಿ ಬೇಟೆಗಾರನೂ ನಿಂತಿದ್ದಾನೆ, ಅವನೂ ನೋಡುತ್ತಿದ್ದಾನೆ.