ಮೇಜಿನ ಮೇಲಿಟ್ಟರೂ ಡೈವ್ ಕಂಪ್ಯೂಟರ್ 1.3 ಮೀಟರ್ ಆಳ ತೋರಿಸುತ್ತಿದೆ, ಯಾಕೆ?

ಉಪ್ಪಳದ ಓದುಗರೊಬ್ಬರು ಕೇಳಿದ್ದಾರೆ: "ಮಡಿಕೇರಿಯ ನೆಂಟರ ಮನೆಯಲ್ಲಿ ಡೈವ್ ಕಂಪ್ಯೂಟರ್ ಆನ್ ಮಾಡಿ ತೋರಿಸಿದ್ದೆ. ಊರಿಗೆ ಬಂದ ಮೇಲೆ ಮೇಜಿನ ಮೇಲಿಟ್ಟರೂ 1.3 ಮೀಟರ್ ಅಂತ ತೋರಿಸುತ್ತಿದೆ. ಮುಂದಿನ ವಾರ ಡೈವಿಂಗಿಗೆ ನೇತ್ರಾಣಿ ದ್ವೀಪಕ್ಕೆ ಹೋಗಬೇಕು. ಸೆನ್ಸರ್ ಹಾಳಾಯ್ತಾ?"

ಹಾಳಾಗಿರಲಿಕ್ಕಿಲ್ಲ. ಮಡಿಕೇರಿ ಅಂದಿರಲ್ಲ, ಸುಳಿವು ಅಲ್ಲೇ ಇದೆ. ಡೈವ್ ಮಾಡುವವರು ಕೈಗೆ ಕಟ್ಟಿಕೊಳ್ಳುವ ಈ ಯಂತ್ರ ಅಳೆಯುವುದು ಆಳವನ್ನಲ್ಲ, ಒತ್ತಡವನ್ನು. ನೀರಿನ ಮೇಲಿದ್ದಾಗ ಗಾಳಿಯ ಒತ್ತಡ ಎಷ್ಟಿತ್ತು ಅಂತ ನೆನಪಿಟ್ಟುಕೊಂಡು, ಅದಕ್ಕಿಂತ ಜಾಸ್ತಿ ಬಂದದ್ದನ್ನೆಲ್ಲ ನೀರಿನ ಲೆಕ್ಕಕ್ಕೆ ಹಾಕುತ್ತದೆ. ಸಮುದ್ರದಲ್ಲಿ 10 ಮೀಟರ್ ಇಳಿದರೆ ಒತ್ತಡ ಸುಮಾರು 1 ಬಾರ್ (ಒತ್ತಡದ ಅಳತೆ) ಏರುತ್ತದೆ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ, ಅಲ್ಲಿ ಗಾಳಿಯ ಒತ್ತಡ 0.88 ಬಾರ್ ಆಸುಪಾಸು. ಉಪ್ಪಳದಲ್ಲಿ 1.01. ನಡುವಿನ 0.13 ಬಾರನ್ನು ನೀರಿಗೆ ತಿರುಗಿಸಿ, ಸರಿಯಾಗಿ 1.3 ಮೀಟರ್!

ಅದು ಇನ್ನೂ ಮಡಿಕೇರಿಯ ಒತ್ತಡವನ್ನೇ ನೆನಪಿಟ್ಟುಕೊಂಡಿದೆ, ಹಾಗಾಗಿ ಡೈವ್ ಮೋಡಿನಿಂದ ಹೊರಗೆ ತನ್ನಿ. ನೀರು ತಾಗಿದರೆ ತಾನಾಗಿ ಆನ್ ಆಗುವ ಮಾದರಿಯಾದರೆ ಲೋಹದ ಬಿಂದುಗಳನ್ನು ಒಣಬಟ್ಟೆಯಲ್ಲಿ ಒರೆಸಿ, ಬೆವರಿನ ಪಸೆ ಇದ್ದರೂ ಅದು ಎಚ್ಚರವಾಗೇ ಇರುತ್ತದೆ. ಎತ್ತರದ ಸೆಟ್ಟಿಂಗ್ ಇದ್ದರೆ ಸಮುದ್ರ ಮಟ್ಟಕ್ಕೆ ಹಾಕಿ, ಒಂದು ಗಂಟೆ ಸುಮ್ನೆ ಬಿಡಿ.

ಆಮೇಲೂ ಸೊನ್ನೆಗೆ ಬರಲಿಲ್ಲವಾ? ಹಾಗಾದರೆ ಉಪ್ಪಿನ ಮೇಲೆ ಸಂಶಯಪಡಿ. ಹಿಂಬದಿಗೆ ಟಾರ್ಚ್ ಹಿಡಿದು ನೋಡಿ, ಸೂಜಿಮೊನೆಯಷ್ಟು ಸಣ್ಣ ತೂತುಗಳಿರುತ್ತವೆ. ಅವುಗಳ ಅಂಚಿಗೆ ಬಿಳಿ ಪುಡಿ ಕಟ್ಟಿದ್ದರೆ ಒತ್ತಡ ಒಳಗಿನ ಸೆನ್ಸರಿಗೆ ತಡವಾಗಿ ಮುಟ್ಟುತ್ತದೆ, ಇಳಿಯುವಾಗ ನೀವು 12 ಮೀಟರಿನಲ್ಲಿದ್ದರೂ ಅದು ಇನ್ನೂ 10 ಅಂತಿರುತ್ತದೆ, ಏರುವಾಗ ನೀವು ಮೇಲೆ ಬಂದರೂ ಅದು ಕೆಳಗೇ ಉಳಿಯುತ್ತದೆ. ಉಗುರುಬೆಚ್ಚಗಿನ ಸಿಹಿನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ. ನಮ್ಮ ಕಡಲ ಬದಿಯ ಎಷ್ಟೋ ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ ಅಲ್ವಾ, ಅದು ಬೇಡ. ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರು ಸಿಕ್ಕಿದರೆ ತುಂಬಾ ಒಳ್ಳೆಯದು. ದಯವಿಟ್ಟು ಸೂಜಿ ಹಾಕಬೇಡಿ, ಪಂಪಿನ ಗಾಳಿ ಹೊಡೆಯಬೇಡಿ. ಒಳಗಿನ ತೆಳು ಪೊರೆ ಹರಿದರೆ ರಿಪೇರಿ ಇಲ್ಲ, ಸೆನ್ಸರನ್ನೇ ಬದಲಿಸಬೇಕು.

ಗಾಜಿನ ಒಳಗೆ ಮಂಜು ಕಟ್ಟಿದ್ದರೆ ನೀರು ಹೊಕ್ಕಿದೆ. ನೇರ ಸರ್ವಿಸಿಗೆ ಕೊಡಿ.

ಎಲ್ಲ ಸರಿಯಾಯ್ತು ಅನಿಸಿದರೂ ಮೊದಲ ಡೈವಿನಲ್ಲಿ ಒಂದು ಪರೀಕ್ಷೆ ಮಾಡಿ. ಹಗ್ಗ ಹಿಡಿದು 5 ಮೀಟರಿನಲ್ಲಿ ನಿಂತು, ಜೊತೆಗಾರರ ಕಂಪ್ಯೂಟರನ್ನು ನಿಮ್ಮದಕ್ಕೆ ತಾಗಿಸಿ ಹಿಡಿಯಿರಿ. ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಒಂದು ಸಿಹಿನೀರಿಗೆ, ಇನ್ನೊಂದು ಉಪ್ಪುನೀರಿಗೆ ಸೆಟ್ ಆಗಿದ್ದರೆ ಸುಮಾರು ಶೇಕಡಾ 3, ಅಂದರೆ 30 ಮೀಟರಿನಲ್ಲಿ 90 ಸೆಂಟಿಮೀಟರ್. ಆದರೆ 5 ಮೀಟರಿನಲ್ಲೇ ಒಂದು ಮೀಟರ್ ಹೆಚ್ಚುಕಡಿಮೆ ಬಂದರೆ ನಂಬಬೇಡಿ. ನನಗೆ ಜಾಸ್ತಿ ಭಯ ಕಡಿಮೆ ಆಳ ತೋರಿಸುವ ಕಂಪ್ಯೂಟರಿನದ್ದೇ. ಉಸಿರಾಡಿದ ಗಾಳಿಯಿಂದ ಮೈಗೆ ಸೇರಿದ ನೈಟ್ರೋಜನ್ ಪೂರ್ತಿಯಾಗಿ ಅದರ ಲೆಕ್ಕಕ್ಕೆ ಬರುವುದಿಲ್ಲ, ಇನ್ನೂ ಸಮಯ ಇದೆ ಅಂತ ನಿಮ್ಮನ್ನು ಕೆಳಗೇ ಉಳಿಸುತ್ತದೆ.

ನೀರಿನಡಿಯಲ್ಲೇ ಕೈಕೊಟ್ಟರೆ ಡೈವ್ ಅಲ್ಲಿಗೇ ಮುಗಿಸಿ. ಜೊತೆಗಾರರಿಗೆ ಸನ್ನೆ ಮಾಡಿ ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗದಂತೆ ಏರಿ, 5 ಮೀಟರಿನಲ್ಲಿ 3 ನಿಮಿಷ ನಿಲ್ಲಿ. ಬೋಟಿನಲ್ಲಿ ಬೇರೆಯವರ ಕಂಪ್ಯೂಟರ್ ಕಟ್ಟಿಕೊಂಡು ಅದೇ ದಿನ ಮತ್ತೆ ಇಳಿಯಬೇಡಿ. ನಿಮ್ಮ ಮೊದಲ ಡೈವಿನ ಲೆಕ್ಕ ಅದರಲ್ಲಿ ಇರುವುದಿಲ್ಲ, ಹಾಗಾಗಿ 24 ಗಂಟೆ ಕಾಯಿರಿ.