ಡಿಜಿಟಲ್ ಅಂದ್ರೆ ಹೊಸದು ಅಂತಲ್ಲ, ಎಣಿಸೋಕೆ ಬರೋದು ಅಂತ

ಮೊನ್ನೆ ಒಂದು ವಿಡಿಯೋ ನೋಡ್ತಿದ್ದೆ, ಮನುಷ್ಯರು ದೂರದವರ ಜೊತೆ ಮಾತಾಡೋ ಸಾಧನಗಳು ಹೇಗೆ ಬೆಳೆದು ಬಂದ್ವು ಅಂತ. ಚೆನ್ನಾಗೇ ಮಾಡಿದ್ರು, ಆದ್ರೆ ನಡುವೆ ಪರದೆ ಮೇಲೆ ಒಂದು ಗೆರೆ ಎಳೆದು ಎಡಗಡೆ ಬೆಂಕಿ ಸಂಕೇತ, ಪತ್ರ, ಟೆಲಿಗ್ರಾಫ್, ಟೆಲಿಫೋನ್ ಎಲ್ಲಾ ಹಾಕಿ ‘ಅನಲಾಗ್ ಯುಗ’ ಅಂತ, ಬಲಗಡೆ ಕಂಪ್ಯೂಟರ್, ಮೊಬೈಲ್, ಇಂಟರ್‌ನೆಟ್ ಹಾಕಿ ‘ಡಿಜಿಟಲ್ ಯುಗ’ ಅಂತ ಬರೆದುಬಿಟ್ಟಿದ್ರು. ಈ ಗೆರೆನ ಎಷ್ಟು ಕಡೆ ನೋಡಿದೀನೋ ಲೆಕ್ಕ ಇಲ್ಲ. ಎಡಗಡೆ ಇರೋ ನಾಲ್ಕರಲ್ಲಿ ಟೆಲಿಫೋನ್ ಒಂದೇ ಅಲ್ಲಿರಬೇಕಾದ್ದು. ಉಳಿದ ಮೂರೂ ಡಿಜಿಟಲ್ಲೇ. ಪತ್ರ ಕೂಡ, ಅದಕ್ಕೆ ಆಮೇಲೆ ಬರ್ತೀನಿ.

ಡಿಜಿಟಲ್ ಅನ್ನೋ ಪದನ ದಿನಾ ಬಳಸ್ತೀವಿ, ಹಾಗಾಗಿ ಅದು ಎಲ್ಲೆಲ್ಲಿ ಬರುತ್ತೆ ಅಂತ ಹೇಳೋ ಅಗತ್ಯ ಇಲ್ಲ. ತೊಂದರೆ ಇರೋದು ಅರ್ಥದಲ್ಲಿ. ಬಹಳ ಜನಕ್ಕೆ ಡಿಜಿಟಲ್ ಅಂದ್ರೆ ಕರೆಂಟಲ್ಲಿ ನಡೆಯೋದು, ಇಲ್ಲಾ ಪರದೆ ಇರೋದು, ಇಲ್ಲಾ ಆನ್‌ಲೈನ್ ಇರೋದು, ಏನೂ ತೋಚದಿದ್ರೆ ‘ಆಧುನಿಕ’. ಈ ನಾಲ್ಕರಲ್ಲಿ ಒಂದೂ ಆ ಪದದ ಅರ್ಥ ಅಲ್ಲ.

ಮೂಲ ಲ್ಯಾಟಿನ್ನಿನ ‘ಡಿಜಿಟಸ್’. ಅಂದ್ರೆ ಬೆರಳು. ಕೈಬೆರಳೂ ಹೌದು, ಕಾಲ್ಬೆರಳೂ ಹೌದು. ಬೆರಳು ಮಡಚಿ ಎಣಿಸೋದ್ರಿಂದ ಹತ್ತರೊಳಗಿನ ಅಂಕಿಗೂ ಅದೇ ಹೆಸರು ಬಂತು, ಇಂಗ್ಲಿಷಿನವರು ಅದನ್ನ ಡಿಜಿಟ್ ಅಂತ ಮಾಡ್ಕೊಂಡ್ರು. ಇದು ನಮಗೆ ವಿಚಿತ್ರ ಅನ್ನಿಸಬೇಕಾಗಿಲ್ಲ, ಕನ್ನಡದಲ್ಲೂ ಬೆರಳೂ ಎಣಿಕೆಯೂ ಒಟ್ಟಿಗೇ ಇವೆ, ಬೆರಳೆಣಿಕೆಯಷ್ಟು ಜನ ಬಂದಿದ್ರು ಅಂತೀವಲ್ಲ, ಅಲ್ಲಿ ಯಾರೂ ಬೆರಳಿನ ಬಗ್ಗೆ ಯೋಚಿಸ್ತಿರಲ್ಲ. ಎಷ್ಟೋ ಕಾಲ ಇಂಗ್ಲಿಷಲ್ಲಿ ಡಿಜಿಟಲ್ ಅಂದ್ರೆ ‘ಬೆರಳಿಗೆ ಸಂಬಂಧಪಟ್ಟ’ ಅಂತಲೇ ಇತ್ತು, ವೈದ್ಯರು ಈಗಲೂ ಬೆರಳಲ್ಲಿ ಮಾಡೋ ತಪಾಸಣೆಗೆ ಆ ಪದನೇ ಬಳಸ್ತಾರೆ. ಡಿಜಿಟಾಲಿಸ್ ಅಂತ ಒಂದು ಗಿಡ ಇದೆ, ಬೆರಳಿಗೆ ಹಾಕೋ ಟೋಪಿ ಥರ ಹೂವು, ಜರ್ಮನ್ನರು ಅದನ್ನ ‘ಬೆರಳ ಟೋಪಿ’ ಅಂತಲೇ ಕರೀತಿದ್ರು, 1542ರಲ್ಲಿ ಲಿಯೋನ್‌ಹಾರ್ಟ್ ಫುಕ್ಸ್ ಅದನ್ನ ಲ್ಯಾಟಿನ್ನಿಗೆ ತಿರುಗಿಸಿ ಡಿಜಿಟಾಲಿಸ್ ಅಂದ. ಹೃದಯದ ಕಾಯಿಲೆಗೆ ಕೊಡೋ ಡಿಜಾಕ್ಸಿನ್ ಮಾತ್ರೆ ಬರೋದು ಇದೇ ಜಾತಿಯ ಗಿಡದಿಂದ. ಆ ಮಾತ್ರೆ ಹೆಸರಲ್ಲಿರೋ ‘ಡಿಜ್’ಗೂ ಡಿಜಿಟಲ್ ಕ್ಯಾಮೆರಾದ ‘ಡಿಜಿ’ಗೂ ಬೇರು ಒಂದೇ.

ಯಂತ್ರಗಳಿಗೆ ಈ ಪದ ಅಂಟಿಕೊಂಡಿದ್ದು ತೀರಾ ಈಚೆಗೆ. 1942ರಲ್ಲಿ, ಯುದ್ಧದ ಸಮಯ, ಅಮೆರಿಕದ ಜಾರ್ಜ್ ಸ್ಟಿಬಿಟ್ಜ್ ಅನ್ನೋ ಗಣಿತಜ್ಞ ಲೆಕ್ಕ ಮಾಡೋ ಯಂತ್ರಗಳನ್ನ ಎರಡು ಬಗೆಯಾಗಿ ವಿಂಗಡಿಸುವಾಗ, ಒಂದು ಬಗೆಗೆ ‘ಪಲ್ಸ್’ ಅನ್ನೋದರ ಬದಲು ‘ಡಿಜಿಟಲ್’ ಅನ್ನೋಣ ಅಂತ ಸೂಚಿಸಿದ. ಇನ್ನೊಂದು ಬಗೆ ಅನಲಾಗ್, ಗ್ರೀಕಿನಿಂದ ಬಂದದ್ದು, ‘ಅದೇ ಅನುಪಾತದಲ್ಲಿರೋದು’ ಅಂತ ಅರ್ಥ. ಅನಲಾಗ್ ಅಂದ್ರೆ ಹಳೇದು ಅಂತಾಗಲಿ ಕಾಗದದ್ದು ಅಂತಾಗಲಿ ಆಗ ಯಾರ ತಲೆಯಲ್ಲೂ ಇರ್ಲಿಲ್ಲ.

ವ್ಯತ್ಯಾಸ ಇಷ್ಟೇ. ಒಂದು ಸಂಗತಿನ ಇನ್ನೊಂದು ಕಡೆಗೆ ಕಳಿಸಬೇಕು. ಅದು ಏರಿದ ಹಾಗೆ ಇದೂ ಏರಬೇಕು, ಇಳಿದ ಹಾಗೆ ಇಳೀಬೇಕು, ನಡುವೆ ಎಲ್ಲಿ ಬೇಕಾದ್ರೂ ನಿಲ್ಲಬಹುದು ಅಂತಿದ್ರೆ ಅದು ಅನಲಾಗ್. ಮೊದಲೇ ಒಪ್ಪಿಕೊಂಡ ಇಷ್ಟೇ ಇಷ್ಟು ಗುರುತುಗಳಿವೆ, ಕಳಿಸೋದು ಅವುಗಳಲ್ಲಿ ಒಂದನ್ನ, ಎರಡರ ನಡುವೆ ಅನ್ನೋದೇ ಇಲ್ಲ ಅಂದ್ರೆ ಡಿಜಿಟಲ್. ಇಳಿಜಾರಿನ ಮೇಲೆ ನೀವು ಎಲ್ಲಿ ಬೇಕಾದ್ರೂ ನಿಲ್ಲಬಹುದು, ಆದ್ರೆ ಮೆಟ್ಟಿಲ ಮೇಲೆ ಮೂರನೇದ್ರಲ್ಲಿರ್ತೀರಿ ಇಲ್ಲಾ ನಾಲ್ಕನೇದ್ರಲ್ಲಿರ್ತೀರಿ. ಕರೆಂಟು, ಪರದೆ, ಚಿಪ್ಪು ಯಾವುದೂ ಈ ಮಾತಿನೊಳಗೆ ಬರೋದೇ ಇಲ್ಲ.

ಈಗ ಆ ಗೆರೆಯ ಎಡಗಡೆ ಮತ್ತೆ ನೋಡಿ. ಬೆಟ್ಟದ ಮೇಲೆ ಬೆಂಕಿ ಹಚ್ಚಿದ್ರೆ ಶತ್ರು ಬಂದ, ಹಚ್ಚದಿದ್ರೆ ಬಂದಿಲ್ಲ, ಅರ್ಧ ಬಂದ ಅನ್ನೋಕೆ ದಾರಿ ಇಲ್ಲ. ಕ್ರಿ.ಪೂ. 2ನೇ ಶತಮಾನದ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಇನ್ನೂ ಮುಂದಿನ ಒಂದು ವಿಧಾನ ಬರೆದಿಟ್ಟಿದಾನೆ. ಗ್ರೀಕಿನ 24 ಅಕ್ಷರಗಳನ್ನ ಐದು ಫಲಕಗಳಲ್ಲಿ ಐದೈದರಂತೆ (ಕೊನೇದ್ರಲ್ಲಿ ನಾಲ್ಕೇ) ಹಂಚಿ, ಎಡಗಡೆ ಎಷ್ಟು ಪಂಜು ಎತ್ತಿದ್ರೆ ಅಷ್ಟನೇ ಫಲಕ, ಬಲಗಡೆ ಎಷ್ಟು ಎತ್ತಿದ್ರೆ ಆ ಫಲಕದಲ್ಲಿ ಅಷ್ಟನೇ ಅಕ್ಷರ. ಅಕ್ಷರನ ಎರಡು ಅಂಕಿ ಮಾಡಿ ಕತ್ತಲಲ್ಲಿ ಆಚೆ ಬೆಟ್ಟಕ್ಕೆ ಕಳಿಸೋದು. ಇದಕ್ಕಿಂತ ಡಿಜಿಟಲ್ ಆಗಿ ಇನ್ನೇನು ಬೇಕು.

ಟೆಲಿಗ್ರಾಫ್ ಅನ್ನೋ ಹೆಸರು ಹುಟ್ಟಿದಾಗಲೂ ಅದರಲ್ಲಿ ತಂತಿಯೂ ಇರ್ಲಿಲ್ಲ ಕರೆಂಟೂ ಇರ್ಲಿಲ್ಲ. 1790ರ ದಶಕದ ಫ್ರಾನ್ಸಲ್ಲಿ ಕ್ಲಾಡ್ ಶಾಪ್ ಗೋಪುರಗಳ ಮೇಲೆ ಮರದ ತೋಳು ನಿಲ್ಲಿಸಿದ, ತೋಳಿನ ಭಂಗಿ ನೋಡಿ ಮುಂದಿನ ಗೋಪುರದವರು ಅದೇ ಭಂಗಿ ಮಾಡಬೇಕು, 1794ರಲ್ಲಿ ಪ್ಯಾರಿಸ್‌ನಿಂದ ಲಿಲ್‌ವರೆಗೆ ಸಾಲು ಶುರುವಾಯ್ತು. ಸಂದೇಶಕ್ಕೆ ಅಂತ ಇದ್ದ ಭಂಗಿಗಳು 92. ಮೊದಲ ಭಂಗಿ ಸಂಕೇತ ಪುಸ್ತಕದ ಪುಟ, ಎರಡನೇದು ಆ ಪುಟದ ಸಾಲು, ಒಟ್ಟು 8,464 ಪದ. ಅದೇ ಹೊತ್ತಿಗೆ ಸ್ವೀಡನ್ನಲ್ಲಿ ಎಡೆಲ್‌ಕ್ರಾಂಟ್ಸ್ ಅನ್ನೋನು ಹತ್ತು ಹಲಗೆಗಳ ಚೌಕಟ್ಟು ಕಟ್ಟಿದ, ಪ್ರತಿ ಹಲಗೆ ತೆರೆದಿರುತ್ತೆ ಇಲ್ಲಾ ಮುಚ್ಚಿರುತ್ತೆ, ಹಾಗಾಗಿ ಹತ್ತು ಎರಡುಗಳನ್ನ ಒಂದಕ್ಕೊಂದು ಗುಣಿಸಿದಷ್ಟು, ಅಂದ್ರೆ 1,024 ಸಂಕೇತ. ಕಂಪ್ಯೂಟರ್ ಓದಿದವರಿಗೆ ಈ ಸಂಖ್ಯೆ ಕಂಡ ತಕ್ಷಣ ಗುರುತು ಸಿಗುತ್ತೆ. ಇಂಥ ಎರಡರಲ್ಲಿ ಒಂದು ಅನ್ನೋ ಆಯ್ಕೆಗೇ ಈಗ ಬಿಟ್ ಅನ್ನೋದು. ಹತ್ತು ಬಿಟ್, ಮರದ ಹಲಗೆಯಲ್ಲಿ, ಅದೂ 18ನೇ ಶತಮಾನದಲ್ಲಿ.

ಅಕ್ಷರನ ಚುಕ್ಕಿ-ಗೆರೆ ಮಾಡಿ ತಂತಿಯಲ್ಲಿ ಕಳಿಸಿದ ಮೋರ್ಸ್ ಬಗ್ಗೆ ಎಲ್ಲರಿಗೂ ಗೊತ್ತು, 1844ರ ವಾಷಿಂಗ್ಟನ್-ಬಾಲ್ಟಿಮೋರ್ ಸಾಲಿನ ಕಥೆ ಬಿಡ್ತೀನಿ. ನನಗೆ ಹೆಚ್ಚು ಇಷ್ಟ ಫ್ರಾನ್ಸಿನ ಎಮಿಲ್ ಬೋಡೋ. 1874ರಲ್ಲಿ ಪೇಟೆಂಟ್ ತಗೊಂಡ ಅವನ ಟೆಲಿಗ್ರಾಫಲ್ಲಿ ಇದ್ದದ್ದು ಐದೇ ಕೀ, ಎಡಗೈಗೆ ಎರಡು, ಬಲಗೈಗೆ ಮೂರು, ಪಿಯಾನೋ ಥರ. ಒಂದೊಂದು ಅಕ್ಷರಕ್ಕೂ ಯಾವ ಬೆರಳು ಒತ್ತಬೇಕು, ಯಾವುದು ಬಿಡಬೇಕು ಅಂತ ನಿಗದಿ, ಐದು ಬೆರಳಿಗೆ 32 ಜೋಡಣೆ. ಆಪರೇಟರ್ ಯಂತ್ರದ ಲಯಕ್ಕೆ ಸರಿಯಾಗಿ ಒತ್ತಬೇಕಿತ್ತು, ಸ್ವಲ್ಪ ಆಚೀಚೆ ಆದ್ರೂ ಅಕ್ಷರ ತಪ್ಪೋದು. ಬೆರಳು ಅನ್ನೋ ಮೂಲ ಅರ್ಥ, ಅಂಕಿ ಅನ್ನೋ ಎರಡನೇ ಅರ್ಥ, ಸಂಕೇತ ಅನ್ನೋ ಈಗಿನ ಅರ್ಥ, ಮೂರೂ ಒಂದೇ ಮೇಜಿನ ಮೇಲೆ ಇದ್ವು, ಡಿಜಿಟಲ್ ಅನ್ನೋ ಪದ ಮಾತ್ರ ಇನ್ನೂ ಅಲ್ಲಿಗೆ ಬಂದಿರ್ಲಿಲ್ಲ. ಸೆಕೆಂಡಿಗೆ ಎಷ್ಟು ಸಂಕೇತ ಹೋಗುತ್ತೆ ಅನ್ನೋದಕ್ಕೆ ‘ಬಾಡ್’ ಅಂತ ಅಳತೆ ಇದೆಯಲ್ಲ, ಅದು ಇವನ ಹೆಸರೇ.

ಅನಲಾಗ್ ಬಂದಿದ್ದು ಇದೆಲ್ಲಾ ಆದ ಮೇಲೆ, 1876ರಲ್ಲಿ ಬೆಲ್‌ನ ಟೆಲಿಫೋನ್ ಜೊತೆ. ದನಿ ಒಂದು ತೆಳು ಪೊರೆನ ಅಲ್ಲಾಡಿಸುತ್ತೆ, ಅದು ಅಲ್ಲಾಡಿದ ಅನುಪಾತದಲ್ಲೇ ತಂತಿಯ ಕರೆಂಟು ಏರಿಳಿಯುತ್ತೆ, ಆ ಕಡೆ ಕರೆಂಟು ಇನ್ನೊಂದು ಪೊರೆನ ಅಲ್ಲಾಡಿಸುತ್ತೆ. ಅದ್ಭುತವಾದ ಉಪಾಯ, ಮಾತನ್ನ ಅಕ್ಷರ ಮಾಡೋ ಅಗತ್ಯನೇ ಇಲ್ಲ, ಅಳುನೂ ನಗುನೂ ಹಾಗೇ ಹೋಗುತ್ತೆ. ಅಂದ್ರೆ ನಿಜವಾದ ಕ್ರಮ ಡಿಜಿಟಲ್, ಆಮೇಲೆ ಅನಲಾಗ್, ಆಮೇಲೆ ಮತ್ತೆ ಡಿಜಿಟಲ್. ಆ ವಿಡಿಯೋದ ಗೆರೆಯಲ್ಲಿ ಮೊದಲ ಅಧ್ಯಾಯನೇ ಮಾಯ ಆಗಿದೆ, ಅದಕ್ಕೇ ನನಗೆ ಅಷ್ಟು ಬೇಜಾರು.

ಯಾಕಂದ್ರೆ ಮೊದಲ ಅಧ್ಯಾಯ ಬಿಟ್ರೆ ಮತ್ತೆ ಡಿಜಿಟಲ್‌ಗೆ ಯಾಕೆ ಬಂದ್ವಿ ಅನ್ನೋದೇ ಅರ್ಥ ಆಗಲ್ಲ. ಉದ್ದ ತಂತಿಯಲ್ಲಿ ಯಾವ ಸಂಕೇತನೂ ಸೊರಗುತ್ತೆ, ಜೊತೆಗೆ ಗದ್ದಲ ಸೇರ್ಕೊಳ್ಳುತ್ತೆ. ಟೆಲಿಗ್ರಾಫ್‌ನವರಿಗೆ ಇದಕ್ಕೆ ರಿಲೇ ಇತ್ತು. ಸೊರಗಿ ಬಂದ ಕರೆಂಟು ಒಂದು ವಿದ್ಯುತ್ಕಾಂತನ ಎಳೆದ್ರೆ ಸಾಕು, ಆ ಕಾಂತ ‘ಟಿಕ್’ ಅಂತ ಒಂದು ಸಂಪರ್ಕ ಮುಚ್ಚುತ್ತೆ, ಆಗ ಹೊಸ ಬ್ಯಾಟರಿಯಿಂದ ಹೊಸ ಚುಕ್ಕಿ ಮುಂದಕ್ಕೆ ಹೋಗುತ್ತೆ. ಬಂದಿದ್ದು ಸೊರಗಿದ ಚುಕ್ಕಿ, ಹೋಗಿದ್ದು ಪೂರ್ತಿ ಬಲದ ಚುಕ್ಕಿ, ಗದ್ದಲ ಬಹುಪಾಲು ಅಲ್ಲೇ ಹಿಂದೆ ಉಳೀತು. ಟೆಲಿಫೋನಿಗೆ ಈ ಭಾಗ್ಯ ಇಲ್ಲ. 1915ರಲ್ಲಿ ನ್ಯೂಯಾರ್ಕ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಫೋನ್ ಸಾಲು ಶುರುವಾದಾಗ ನಡುವೆ ವ್ಯಾಕ್ಯೂಮ್ ಟ್ಯೂಬಿನ ಆಂಪ್ಲಿಫೈಯರ್ ಹಾಕಿದ್ರು. ಆಂಪ್ಲಿಫೈಯರ್‌ಗೆ ದನಿ ಯಾವುದು ಗದ್ದಲ ಯಾವುದು ಅಂತ ಗೊತ್ತಾಗಲ್ಲ, ಎರಡನ್ನೂ ಹಿಗ್ಗಿಸಿ ಕಳಿಸುತ್ತೆ, ಹತ್ತು ಕಡೆ ಹಿಗ್ಗಿಸಿದ್ರೆ ಹತ್ತು ಕಡೆಯ ಗದ್ದಲನೂ ಜೊತೆಗೇ ಬರುತ್ತೆ.

1937ರಲ್ಲಿ ಪ್ಯಾರಿಸ್‌ನಲ್ಲಿ ಕೆಲಸ ಮಾಡ್ತಿದ್ದ ಇಂಗ್ಲಿಷ್ ಎಂಜಿನಿಯರ್ ಅಲೆಕ್ ರೀವ್ಸ್ ದನಿಯನ್ನೇ ಅಂಕಿ ಮಾಡಿಬಿಡೋಣ ಅಂದ. ಸೆಕೆಂಡಿಗೆ ಇಷ್ಟು ಸಲ ದನಿಯ ಎತ್ತರ ಅಳೆದು, ಹತ್ತಿರದ ಮೆಟ್ಟಿಲಿಗೆ ಕೂರಿಸಿ, ಆ ಮೆಟ್ಟಿಲ ಸಂಖ್ಯೆ ಮಾತ್ರ ಟೆಲಿಗ್ರಾಫ್ ಥರ ಕಳಿಸೋದು. ಟ್ಯೂಬುಗಳ ಕಾಲದಲ್ಲಿ ಅದು ಬಲು ದುಬಾರಿ. ಟ್ಯೂಬಿನ ಕೆಲಸನೇ ಮಾಡೋ ಪುಟ್ಟ, ಅಗ್ಗದ ಟ್ರಾನ್ಸಿಸ್ಟರ್ ಬಂದ ಮೇಲೆ, 1962ರಲ್ಲಿ, ಅಮೆರಿಕದಲ್ಲಿ ಒಂದೇ ಸಾಲಲ್ಲಿ 24 ಕರೆಗಳು ಹೀಗೆ ಅಂಕಿಯಾಗಿ ಓಡೋಕೆ ಶುರುವಾದ್ವು. ಸೆಕೆಂಡಿಗೆ 8,000 ಸಲ ಅಳತೆ, ಒಂದೊಂದು ಅಳತೆಗೂ 8 ಬಿಟ್, ಸೆಕೆಂಡಿಗೆ 64,000 ಬಿಟ್, ಇದು ಆಮೇಲೆ ಫೋನ್ ಜಗತ್ತಿನ ಮಾಮೂಲಿ ಲೆಕ್ಕ ಆಯ್ತು.

ಇನ್ನು ಪತ್ರ. ಕೈಬರಹ ಅನಲಾಗ್, ಒಪ್ಪಿದೆ, ಬಾಗು ಬಳುಕಲ್ಲಿ ಒಬ್ಬರ ಥರ ಒಬ್ಬರು ಬರೆಯಲ್ಲ. ಆದ್ರೆ ಬರಹ ಕೈಬರಹ ಅಲ್ಲ. ಒಂದು ‘ಕ’ ಎಷ್ಟೇ ಸೊಟ್ಟಗೆ ಬರೆದಿದ್ರೂ ನೀವು ನಕಲು ಮಾಡುವಾಗ ಆ ಸೊಟ್ಟನ ನಕಲು ಮಾಡಲ್ಲ, ‘ಕ’ ಅಂತ ಓದಿ ನಿಮ್ಮ ‘ಕ’ ಹೊಸದಾಗಿ ಬರೀತೀರಿ, ರಿಲೇ ಮಾಡಿದ್ದೂ ಅದನ್ನೇ. ನಕಲುಗಾರರು ತಪ್ಪು ಮಾಡ್ತಾರೆ ನಿಜ, ಆದ್ರೆ ಅಲ್ಲಿ ತಪ್ಪು ಅಂದ್ರೆ ಒಂದು ಅಕ್ಷರದ ಜಾಗದಲ್ಲಿ ಇನ್ನೊಂದು ಬರೋದು, ಅಕ್ಷರ ನಿಧಾನಕ್ಕೆ ಮಸುಕಾಗ್ತಾ ಹೋಗೋದಲ್ಲ. ನಮ್ಮ ಪದದಲ್ಲೇ ಇದೆ ನೋಡಿ, ಕ್ಷರ ಅಂದ್ರೆ ಸವೆಯೋದು, ಅಕ್ಷರ ಅಂದ್ರೆ ಸವೆಯದ್ದು. ಡಿಜಿಟಲ್‌ಗೆ ಇದಕ್ಕಿಂತ ಒಳ್ಳೆ ವಿವರಣೆ ನನಗೆ ಇನ್ನೂ ಸಿಕ್ಕಿಲ್ಲ. ಈಗ ನೀವು ಓದ್ತಿರೋ ‘ಕ’ ಕೂಡ ಕಂಪ್ಯೂಟರ್‌ಗಳು ಅಕ್ಷರಗಳಿಗೆ ಸಂಖ್ಯೆ ಕೊಡೋ ಯೂನಿಕೋಡ್ ಪಟ್ಟಿಯಲ್ಲಿ 3221 ಅನ್ನೋ ಸಂಖ್ಯೆ ಅಷ್ಟೇ, ಆಕಾರ ಕೊಡೋದು ನಿಮ್ಮ ಫೋನಿನ ಫಾಂಟು.

ಇಲ್ಲಿ ಕೆಲವರು ಕೇಳ್ತಾರೆ, ಡಿಜಿಟಲ್ ಸವೆಯಲ್ಲ ಅಂದ್ರೆ ನೂರು ಸಲ ಫಾರ್ವರ್ಡ್ ಆದ ಫೋಟೋ ಯಾಕೆ ಮಸುಕಾಗಿರುತ್ತೆ ಅಂತ. ಒಳ್ಳೆ ಪ್ರಶ್ನೆ. ಅದು ನಕಲಿನಿಂದ ಸವೆದದ್ದಲ್ಲ, ಹೊಸದಾಗಿ ಅಪ್‌ಲೋಡ್ ಮಾಡಿದಾಗೆಲ್ಲ ಆ್ಯಪ್ ಫೈಲ್ ಗಾತ್ರ ಇಳಿಸೋಕೆ ಬೇಕಂತಲೇ ಒಂದಷ್ಟು ವಿವರ ಬಿಸಾಕುತ್ತೆ, ಸ್ಕ್ರೀನ್‌ಶಾಟ್ ತೆಗೆದು ಮತ್ತೆ ಕಳಿಸಿದ್ರೆ ಇನ್ನೂ ಹೋಗುತ್ತೆ. ಅದೇ ಫೈಲನ್ನ ಹಾಗೇ ಇಟ್ಟು ಸಾವಿರ ಸಲ ನಕಲು ಮಾಡಿ, ಒಂದು ಬಿಟ್ಟೂ ಬದಲಾಗಿರಲ್ಲ.

ಗಡಿಯಾರದ ಗೊಂದಲನೂ ಇದೇ ಜಾತಿದು. ಅಂಕಿ ತೋರಿಸಿದ್ರೆ ಡಿಜಿಟಲ್, ಮುಳ್ಳಿದ್ರೆ ಅನಲಾಗ್ ಅಂತೀವಲ್ಲ, ಅದು ಮುಖದ ಮಾತು ಮಾತ್ರ. ಮುಳ್ಳಿರೋ ಕ್ವಾರ್ಟ್ಜ್ ವಾಚಿನ ಒಳಗೆ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತೆ, ಒಂದು ಚಿಪ್ಪು ಅದನ್ನ ಹದಿನೈದು ಸಲ ಅರ್ಧ ಮಾಡಿ ಸೆಕೆಂಡಿಗೆ ಒಂದಕ್ಕೆ ಇಳಿಸುತ್ತೆ. ಪೂರಾ ಎಣಿಕೆ.

ಪದಕ್ಕೆ ಕನ್ನಡ ಏನು ಅಂತ ಕೇಳಿದ್ರೆ, ‘ಗಣಕೀಕೃತ’ ಅಂತ ಮಾತ್ರ ದಯವಿಟ್ಟು ಬರೀಬೇಡಿ, ಅದು ಕಂಪ್ಯೂಟರಿಗೆ ಹಾಕಿದ್ದು ಅಂತ. ‘ಅಂಕೀಯ’ ಅರ್ಥಕ್ಕೆ ಸರಿ, ಆದ್ರೆ ಬಾಯಲ್ಲಿ ಯಾರೂ ಆಡಲ್ಲ. ಡಿಜಿಟಲ್ ಅಂತಲೇ ಇರ್ಲಿ ಅನ್ನೋದು ನನ್ನ ಅಭಿಪ್ರಾಯ, ಆನ್‌ಲೈನ್ ಅನ್ನಬೇಕಾದ ಕಡೆ ಆನ್‌ಲೈನ್ ಅನ್ನಿ ಸಾಕು.

ಎಲ್ಲಕ್ಕಿಂತ ಹೆಚ್ಚು ತೊಂದರೆ ಆಗೋದು ‘ಡಿಜಿಟಲ್ ಸಹಿ’ಯಲ್ಲಿ. ಬಿಳಿ ಹಾಳೆ ಮೇಲೆ ಸಹಿ ಹಾಕಿ, ಫೋಟೋ ತೆಗೆದು, ಪಿಡಿಎಫ್ ಕೆಳಗೆ ಅಂಟಿಸಿ ಡಿಜಿಟಲ್ ಸಹಿ ಹಾಕಿದೀನಿ ಅಂತಾರೆ. ಅದು ಸಹಿಯ ಚಿತ್ರ, ಯಾರು ಬೇಕಾದ್ರೂ ಕತ್ತರಿಸಿ ಇನ್ನೊಂದು ಪತ್ರಕ್ಕೆ ಅಂಟಿಸಬಹುದು. ನಿಜವಾದ ಡಿಜಿಟಲ್ ಸಹಿ ಕಣ್ಣಿಗೆ ಕಾಣೋ ಗೀಚೇ ಅಲ್ಲ, ಇಡೀ ದಾಖಲೆಯಿಂದ ಒಂದು ಸಂಖ್ಯೆ ಲೆಕ್ಕ ಹಾಕಿ, ಸಹಿದಾರರ ಹತ್ರ ಮಾತ್ರ ಇರೋ ಗುಟ್ಟಿನ ಕೀ (ಅದೂ ಒಂದು ದೊಡ್ಡ ಸಂಖ್ಯೆಯೇ) ಬಳಸಿ ಅದರಿಂದ ಇನ್ನೊಂದು ಸಂಖ್ಯೆ ತೆಗೆಯೋದು, ಸರಿಯಿದೆಯಾ ಅಂತ ಅದಕ್ಕೆ ಜೋಡಿಯಾಗಿ ಅವರು ಎಲ್ಲರಿಗೂ ಕೊಟ್ಟಿರೋ ಬಹಿರಂಗ ಕೀ ಇಟ್ಕೊಂಡು ಯಾರು ಬೇಕಾದ್ರೂ ನೋಡಬಹುದು. ಆ ಸಂಖ್ಯೆನ ಇನ್ನೊಂದು ದಾಖಲೆಗೆ ಅಂಟಿಸಿದ್ರೆ ಕೆಲಸ ಮಾಡಲ್ಲ, ಇದೇ ದಾಖಲೆಯಲ್ಲಿ ಒಂದು ಅಲ್ಪವಿರಾಮ ಬದಲಾಯಿಸಿದ್ರೂ ಲೆಕ್ಕ ತಾಳೆ ಆಗಲ್ಲ.