ಹೊರಗೆ 42 ಡಿಗ್ರಿ, ಒಳಗೆ 90: ಗೇಮಿಂಗ್ ಪಿಸಿಗೆ ವಾಟರ್ ಕೂಲರ್ ಹಾಕಿಸಬೇಕಾ?

ಓದುಗರ ಪ್ರಶ್ನೆ: ನಮ್ಮದು ರಾಯಚೂರು. ದುಡ್ಡು ಕೂಡಿಟ್ಟು ಹೋದ ವರ್ಷ ಒಂದು ಗೇಮಿಂಗ್ ಪಿಸಿ ಮಾಡಿಸಿಕೊಂಡೆ. ರೈಜನ್ 5 5600 ಪ್ರೊಸೆಸರ್, ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್. ಚಳಿಗಾಲದಲ್ಲಿ ಏನೂ ತೊಂದರೆ ಇರಲಿಲ್ಲ. ಏಪ್ರಿಲ್ ಬಂದಾಗಿನಿಂದ ವ್ಯಾಲರಂಟ್ ಆಡುವಾಗ ಪ್ರೊಸೆಸರ್ 90 ಡಿಗ್ರಿ ಮುಟ್ಟುತ್ತಿದೆ, ಆಟ ನಡುನಡುವೆ ತಡವರಿಸುತ್ತಿದೆ. ಅಂಗಡಿಯವರು ವಾಟರ್ ಕೂಲರ್ ಹಾಕಿಸಿ ಅಂತಾರೆ. ಏಳೆಂಟು ಸಾವಿರ ಆಗುತ್ತದಂತೆ. ಮನೆಯಲ್ಲಿ ಎಸಿ ಇಲ್ಲ. ಹಾಕಿಸಲಾ ಸರ್?

ಉತ್ತರ: ಬೇಡ. ಸದ್ಯಕ್ಕಂತೂ ಬೇಡ.

ವಾಟರ್ ಕೂಲರ್ ಅಂದ ಕೂಡಲೇ ಫ್ರಿಜ್ ತರಹ ಏನೋ ತಣ್ಣಗೆ ಮಾಡುತ್ತದೆ ಅನಿಸುತ್ತದೆ. ಅದರ ನೀರು ಮಾಡುವುದು ಹಮಾಲಿ ಕೆಲಸ. ಪ್ರೊಸೆಸರ್‌ನ ಬಿಸಿಯನ್ನು ಹೊತ್ತು ರೇಡಿಯೇಟರ್‌ಗೆ ತಂದು ಇಳಿಸುತ್ತದೆ. ಅಲ್ಲಿ ಆ ಬಿಸಿಯನ್ನು ಆರಿಸಬೇಕಾದ್ದು ನಿಮ್ಮ ಕೋಣೆಯ ಗಾಳಿಯೇ. ಕೋಣೆ 38 ಡಿಗ್ರಿ ಇದ್ದರೆ, ಎಂಟು ಸಾವಿರದ ಕೂಲರ್ ಹಾಕಿದರೂ ಪ್ರೊಸೆಸರ್ 38ಕ್ಕಿಂತ ಕೆಳಗೆ ಬರುವುದಿಲ್ಲ.

ಹಾಗಾಗಿ ಬರೀ 90 ಅನ್ನೋ ಅಂಕಿ ನೋಡಿ ಗಾಬರಿಯಾಗಬೇಡಿ. ಕೋಣೆಗೂ ಪ್ರೊಸೆಸರ್‌ಗೂ ಎಷ್ಟು ವ್ಯತ್ಯಾಸ ಇದೆ ಅಂತ ನೋಡಿ. ಡಿಸೆಂಬರ್‌ನಲ್ಲಿ ಕೋಣೆ 25, ಪ್ರೊಸೆಸರ್ 77 ಇತ್ತು ಅಂದುಕೊಳ್ಳಿ. ವ್ಯತ್ಯಾಸ 52. ಈಗಿನ 38ಕ್ಕೆ ಅದೇ 52 ಸೇರಿಸಿ, 90 ಆಯಿತು. ಪಿಸಿ ಕೆಟ್ಟಿಲ್ಲ. ಚಳಿಗಾಲದಲ್ಲೂ ಅದು ಇಷ್ಟೇ ಉಸಿರುಗಟ್ಟಿ ಕೂತಿತ್ತು, ಚಳಿ ಅದನ್ನು ಮುಚ್ಚಿಟ್ಟಿತ್ತು ಅಷ್ಟೇ. ನಿಮ್ಮ 5600ಗೆ ಅದನ್ನು ತಯಾರಿಸುವ ಎಎಮ್‌ಡಿ ಕಂಪನಿ ಹಾಕಿರುವ ಮಿತಿ 90 ಡಿಗ್ರಿ. ಅಲ್ಲಿಗೆ ಬಂದರೆ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಟ ತಡವರಿಸುವುದು ಅದಕ್ಕೇ. ಇಂಟೆಲ್ ಐ5 12400ಎಫ್ ಇಟ್ಟುಕೊಂಡಿರುವ ನಿಮ್ಮ ಗೆಳೆಯ ‘ನಂದೂ 90 ಬರುತ್ತೆ, ಏನೂ ಆಗಲ್ಲ’ ಅಂದರೆ ನಂಬಿ, ಅವನ ಮಿತಿ 100.

ಈಗ ಒಂದು ಸಣ್ಣ ಪರೀಕ್ಷೆ. ಪಿಸಿಯ ಬಿಸಿ ಎಷ್ಟಿದೆ ಅಂತ ತೋರಿಸುವ ಎಚ್‌ಡಬ್ಲ್ಯೂ ಇನ್ಫೋ ಅನ್ನೋ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಅದನ್ನು ಹಾಕಿಕೊಂಡು ಅರ್ಧ ಗಂಟೆ ಆಟ ಆಡಿ, ಅತಿ ಹೆಚ್ಚು ಎಷ್ಟು ಡಿಗ್ರಿ ಬಂತು ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಕ್ಯಾಬಿನೆಟ್‌ನ, ಅಂದರೆ ಪಿಸಿಯ ಡಬ್ಬಿಯ, ಪಕ್ಕದ ಬಾಗಿಲು ತೆಗೆದಿಟ್ಟು ಮತ್ತೆ ಅಷ್ಟೇ ಹೊತ್ತು ಅದೇ ಆಟ ಆಡಿ. ಎಂಟು ಹತ್ತು ಡಿಗ್ರಿ ಇಳಿಯಿತಾ? ಹಾಗಾದರೆ ತೊಂದರೆ ಗಾಳಿಯದ್ದು, ಹೊಸ ಕೂಲರ್ ಸುಮ್ನೆ ದಂಡ. ಒಂದೆರಡು ಡಿಗ್ರಿ ಮಾತ್ರ ಇಳಿದರೆ ಈಗಿರುವ ಕೂಲರ್, ಅದಕ್ಕೂ ಪ್ರೊಸೆಸರ್‌ಗೂ ನಡುವೆ ಬಿಸಿ ದಾಟಿಸಲು ಹಚ್ಚಿರುವ ಪೇಸ್ಟ್ ಅಥವಾ ಧೂಳಿನ ಕಡೆ ನೋಡಬೇಕು.

ನನ್ನ ಅನುಮಾನ ಗಾಳಿಯ ಮೇಲೇ. ನಮ್ಮ ಕಡೆ ಕಂಪ್ಯೂಟರ್ ಟೇಬಲ್ ಅಂತ ಮಾರುತ್ತಾರಲ್ಲ, ಅದರಲ್ಲಿ ಕ್ಯಾಬಿನೆಟ್ ಇಡೋಕೆ ಅಂತಲೇ ಒಂದು ಗೂಡು ಇರುತ್ತದೆ. ಮೂರು ಕಡೆ ಹಲಗೆ, ಹಿಂದೆ ಗೋಡೆ. ಕೆಲವಕ್ಕೆ ಮುಂದೆ ಬಾಗಿಲು ಬೇರೆ. ಹಿಂದಿನ ಫ್ಯಾನ್ ಹೊರಗೆ ತಳ್ಳಿದ ಬಿಸಿ ಗಾಳಿ ಗೂಡಿನಲ್ಲೇ ಸುತ್ತಿ ಮತ್ತೆ ಮುಂದಿನಿಂದ ಒಳಗೆ ಹೋಗುತ್ತದೆ. ನಾನೂ ಎರಡು ಬೇಸಿಗೆ ಹಾಗೇ ಇಟ್ಟಿದ್ದೆ. ಅದರ ಮೇಲೆ ಧೂಳು ಬೀಳಬಾರದು ಅಂತ ಅಮ್ಮ ಹೊಲಿದುಕೊಟ್ಟ ಹೂವಿನ ಬಟ್ಟೆಯ ಹೊದಿಕೆ! ಕ್ಯಾಬಿನೆಟ್ಟನ್ನು ಗೂಡಿನಿಂದ ಹೊರಗೆ ತೆಗೆದು, ನೆಲಕ್ಕೆ ತಾಗದಂತೆ ಒಂದು ಮಣೆ ಮೇಲಿಡಿ. ಗೋಡೆಗೂ ಅದಕ್ಕೂ ಒಂದು ಗೇಣು ಜಾಗ ಬಿಡಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಎರಡನೆಯ ಅನುಮಾನ ಕ್ಯಾಬಿನೆಟ್ ಮೇಲೆ. ಕಡಿಮೆ ಬೆಲೆಯವು ನೋಡೋಕೆ ಚೆಂದ. ಮುಂದೆ ಗಾಜು, ಅದರ ಹಿಂದೆ ಬಣ್ಣಬಣ್ಣದ ಲೈಟಿನ ಮೂರು ಫ್ಯಾನ್. ಆದರೆ ಗಾಜಿನೊಳಗಿಂದ ಗಾಳಿ ಬರುತ್ತದಾ? ಪಕ್ಕದ ಸಣ್ಣ ಸಂದಿಯಿಂದ ಎಳೆದುಕೊಳ್ಳಬೇಕು. ಕೈಯಿಂದ ಮೂಗು ಮುಚ್ಚಿಕೊಂಡು ಓಡಿದ ಹಾಗೆ. ನಿಮ್ಮದೂ ಅಂಥದ್ದೇ ಆದರೆ ಮುಂದಿನ ಫಲಕವನ್ನು ಬೇಸಿಗೆ ಮುಗಿಯೋವರೆಗೆ ಕಿತ್ತಿಡಿ. ಮುಂದೆ ಎರಡು ಫ್ಯಾನ್ ಗಾಳಿ ಒಳಗೆ ಎಳೆಯಲಿ, ಹಿಂದೆ ಒಂದು ಹೊರಗೆ ತಳ್ಳಲಿ. ಫ್ಯಾನ್ ಯಾವ ಕಡೆ ಊದುತ್ತಿದೆ ಅಂತ ಟಿಶ್ಯೂ ಕಾಗದದ ಚೂರು ಹಿಡಿದು ನೋಡಿ. ಎಲ್ಲವೂ ಹೊರಗೇ ಊದುವ ಹಾಗೆ ಕೂರಿಸಿದ ಪಿಸಿಗಳನ್ನೂ ನಾನು ನೋಡಿದ್ದೇನೆ.

ಧೂಳಿನ ವಿಷಯ ಬಳ್ಳಾರಿಯವನಾದ ನನಗೆ ಯಾರೂ ಹೇಳಬೇಕಿಲ್ಲ. ಅದಿರಿನ ಕೆಂಪು ಧೂಳು ಕೂಲರ್‌ನ ರೆಕ್ಕೆಗಳ ಮಧ್ಯೆ ಕಂಬಳಿ ಹಾಸಿದಂತೆ ಕೂತಿರುತ್ತದೆ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಪಿಸಿಯನ್ನು ಅಂಗಳಕ್ಕೆ ಒಯ್ದು ಬ್ರಷ್ಷು, ಬ್ಲೋವರ್ ಹಿಡಿಯಿರಿ. ಊದುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದುಕೊಳ್ಳಿ. ಬ್ಲೋವರ್ ಗಾಳಿಗೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಇನ್ನು ಬಿಸಿಯನ್ನೇ ಕಡಿಮೆ ಹುಟ್ಟಿಸುವ ದಾರಿ. ನನಗೆ ಇದೇ ಎಲ್ಲಕ್ಕಿಂತ ಇಷ್ಟ, ಯಾಕಂದ್ರೆ ಸೆಕೆಯಲ್ಲಿ ಕೂತಿರೋದು ಪಿಸಿ ಒಂದೇ ಅಲ್ಲ, ನಾವೂ ಕೂತಿರುತ್ತೇವೆ. ನಿಮ್ಮ ಪ್ರೊಸೆಸರ್ ಜೋರಾಗಿ ಓಡಿದರೆ 76 ವ್ಯಾಟ್ ತಿನ್ನುತ್ತದೆ, ಗ್ರಾಫಿಕ್ಸ್ ಕಾರ್ಡ್ 132. ಆ ಕರೆಂಟೆಲ್ಲ ಕೊನೆಗೆ ಬಿಸಿಯಾಗಿ ಕೋಣೆಗೇ ಬರುತ್ತದೆ. ಸುಮ್ಮನೆ ಕೂತ ಮನುಷ್ಯ ಸುಮಾರು 100 ವ್ಯಾಟ್ ಬಿಸಿ ಬಿಡುತ್ತಾನೆ. ಅಂದರೆ ಬಾಗಿಲು ಹಾಕಿದ ಕೋಣೆಯಲ್ಲಿ ನಿಮ್ಮ ಜೊತೆ ಇನ್ನಿಬ್ಬರು ಕೂತ ಲೆಕ್ಕ.

ವ್ಯಾಲರಂಟ್ ಹಗುರವಾದ ಆಟ. ಮಿತಿ ಹಾಕದಿದ್ದರೆ ನಿಮ್ಮ ಪಿಸಿ ಸೆಕೆಂಡಿಗೆ ಇನ್ನೂರು ಮುನ್ನೂರು ಫ್ರೇಮ್, ಅಂದರೆ ಚಿತ್ರ, ಬರೆಯುತ್ತದೆ. ಮಾನಿಟರ್ 75 ಹರ್ಟ್ಜ್ ಆದರೆ ಅದು ತೋರಿಸೋದು 75 ಮಾತ್ರ. ನೂರು ಜನರ ಊಟಕ್ಕೆ ಮುನ್ನೂರು ಎಲೆ ಹಾಕಿದ ಹಾಗಾಯ್ತು, ಅಲ್ವಾ? ಕೈ ಚುರುಕಾಗಿರಬೇಕು ಅಂತ ಜಾಸ್ತಿ ಫ್ರೇಮ್ ಬಯಸುವವರ ಮಾತಿನಲ್ಲಿ ಸತ್ಯ ಇದೆ, ಒಪ್ಪುತ್ತೇನೆ. ಅದಕ್ಕೇ 75ಕ್ಕೇ ನಿಲ್ಲಿಸಿ ಅನ್ನೋದಿಲ್ಲ, ಆಟದ ಸೆಟ್ಟಿಂಗ್‌ನಲ್ಲಿ 144ಕ್ಕೆ ಮಿತಿ ಹಾಕಿ ನೋಡಿ. ಅದೂ ಸಾಲದಿದ್ದರೆ ಬಯಾಸ್‌ನಲ್ಲಿ (ಪಿಸಿ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪುಟ) ಪ್ರೊಸೆಸರ್ ತಿನ್ನುವ ಕರೆಂಟ್ ಇಳಿಸುವ ಇಕೋ ಮೋಡ್ ಹುಡುಕಿ 45 ವ್ಯಾಟ್‌ಗೆ ಇಡಿ. ಇಂಥ ಆಟದಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುವುದು ಕಷ್ಟ, ಫ್ಯಾನ್‌ನ ಸದ್ದು ಇಳಿದದ್ದು ಮಾತ್ರ ಕಿವಿಗೆ ಗೊತ್ತಾಗುತ್ತದೆ.

ಎಸಿ ಇಲ್ಲ ಅಂದಿರಿ. ಏರ್‌ಕೂಲರ್ ಇದೆಯಾ? ರಾಯಚೂರಿನ ಒಣ ಸೆಕೆಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ನೀರು ಆರುತ್ತಾ ಗಾಳಿಯ ಬಿಸಿ ಎಳೆದುಕೊಳ್ಳುತ್ತದೆ. ಕೋಣೆ ನಾಲ್ಕೈದು ಡಿಗ್ರಿ ತಂಪಾದರೆ ಪಿಸಿಯೂ ಹೆಚ್ಚುಕಮ್ಮಿ ಅಷ್ಟೇ ತಂಪಾಗುತ್ತದೆ. ಕಿಟಕಿ ಮಾತ್ರ ತೆರೆದಿರಲಿ. ಮಂಗಳೂರಿನವರು ಇದನ್ನು ಓದಿ ಕೂಲರ್ ತರಬೇಡಿ, ನಿಮ್ಮ ಗಾಳಿಯಲ್ಲಿ ಮೊದಲೇ ಬೇಕಾದಷ್ಟು ನೀರಿದೆ. ತೇವದಿಂದ ಪಿಸಿಯೊಳಗೆ ಹನಿಗಟ್ಟುತ್ತದೆ ಅಂತ ಕೆಲವರಿಗೆ ಭಯ. ಹನಿ ಕೂರುವುದು ಗಾಳಿಗಿಂತ ತಣ್ಣಗಿರುವ ವಸ್ತುವಿನ ಮೇಲೆ. ಓಡುತ್ತಿರುವ ಪಿಸಿ ಗಾಳಿಗಿಂತ ಬಿಸಿ ಇರುತ್ತದೆ. ಹೆದರಬೇಕಾದ್ದು ಕೂಲರ್ ಚಿಮ್ಮಿಸುವ ಹನಿಗೆ. ಬೋರ್‌ವೆಲ್ ನೀರಾದರೆ ಅದು ಆರಿದ ಮೇಲೆ ಬಿಳಿ ಉಪ್ಪು ಉಳಿಯುತ್ತದೆ. ಕೂಲರ್‌ನ ಮುಖ ನಿಮ್ಮ ಕಡೆ ಇರಲಿ, ಪಿಸಿ ಕಡೆ ಬೇಡ.

ಮೇಲಿನ ಮಹಡಿಯಾದರೆ ಇನ್ನೊಂದು ಮಾತು. ತಾರಸಿ ಹಗಲೆಲ್ಲ ಕಾದು, ರಾತ್ರಿ ಹತ್ತಾದರೂ ಬಿಸಿ ಬಿಡುತ್ತಲೇ ಇರುತ್ತದೆ. ಆಡುವುದಾದರೆ ಬೆಳಗಿನ ಜಾವವೇ ಒಳ್ಳೆಯದು. ಗೆಳೆಯರು ಎದ್ದಿರೋದಿಲ್ಲ ಅನ್ನೋದು ಬೇರೆ ಮಾತು.

ಪಿಸಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಅದು ಕರೆಂಟ್ ಎಷ್ಟು ಕಡಿಮೆ ಪೋಲು ಮಾಡುತ್ತದೆ ಅಂತ ಹೇಳುವ 80 ಪ್ಲಸ್ ಗುರುತು ಕೊಡುವ ಪರೀಕ್ಷೆ ನಡೆಯುವುದು 23 ಡಿಗ್ರಿ ಆಸುಪಾಸಿನ ಕೋಣೆಯಲ್ಲಿ. ಪೂರ್ತಿ ವ್ಯಾಟ್ ಎಷ್ಟು ಡಿಗ್ರಿವರೆಗೆ ಕೊಡುತ್ತದೆ ಅನ್ನೋದನ್ನು ಒಳ್ಳೆಯ ಕಂಪನಿಗಳು ಬೇರೆಯಾಗಿ ಬರೆದಿರುತ್ತವೆ. 50 ಅಂತಿದ್ದರೆ ನಮ್ಮೂರಿಗೆ ಸರಿ.

ಇಷ್ಟೆಲ್ಲ ಮಾಡಿದ ಮೇಲೂ 85ರ ಮೇಲೇ ನಿಂತರೆ, ಆಗ ದುಡ್ಡು ಬಿಚ್ಚಿ. ಪ್ರೊಸೆಸರ್ ಡಬ್ಬಿಯಲ್ಲಿ ಬಂದದ್ದು ಸಣ್ಣ ಅಲ್ಯೂಮಿನಿಯಂ ಕೂಲರ್. ಅದರ ಬದಲು ಎರಡು ಸಾವಿರದ ಆಸುಪಾಸಿನ, 120 ಮಿಲಿಮೀಟರ್ ಫ್ಯಾನ್ ಇರುವ ಟವರ್ ಕೂಲರ್ ತನ್ನಿ. 76 ವ್ಯಾಟ್‌ಗೆ ಅದು ಧಾರಾಳ. ವಾಟರ್ ಕೂಲರ್‌ನಲ್ಲಿ ಕೆಟ್ಟುಹೋಗೋಕೆ ಒಂದು ಪಂಪ್ ಇರುತ್ತದೆ, ಇದರಲ್ಲಿ ಫ್ಯಾನ್ ಬಿಟ್ಟರೆ ಕೆಡೋದು ಏನೂ ಇಲ್ಲ. ಕೊಳ್ಳುವ ಮುಂಚೆ ಕ್ಯಾಬಿನೆಟ್‌ನಲ್ಲಿ ಅದರ ಎತ್ತರಕ್ಕೆ ಜಾಗ ಇದೆಯಾ ಅಂತ ಅಳೆಯಿರಿ. ಹಳೆಯದನ್ನು ಬಿಚ್ಚುವ ಮುಂಚೆ ಹತ್ತು ನಿಮಿಷ ಆಟ ಆಡಿ, ಪೇಸ್ಟ್ ಮೆತ್ತಗಾಗುತ್ತದೆ. ಆಮೇಲೆ ಪಿಸಿ ಆಫ್ ಮಾಡಿ, ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿ, ಕೂಲರ್ ಅನ್ನು ಅತ್ತಿತ್ತ ಮೆಲ್ಲಗೆ ತಿರುಗಿಸಿ ಸಡಿಲ ಮಾಡಿಕೊಂಡು ಎತ್ತಿ. ನೇರವಾಗಿ ಜಗ್ಗಿದರೆ ಪ್ರೊಸೆಸರ್ ಅದಕ್ಕೇ ಅಂಟಿಕೊಂಡು ಸಾಕೆಟ್‌ನಿಂದ ಕಿತ್ತು ಬರುತ್ತದೆ. ನಿಮ್ಮ 5600ರ ಪಿನ್‌ಗಳು ಇರುವುದು ಪ್ರೊಸೆಸರ್‌ನ ಅಡಿಯಲ್ಲೇ.